ಜಿಂಕೆಯ ಕೊರಳಿಗೆ ಕರುವಿನ ಗಂಟೆ

ಹಸು ಹುಲ್ಲು ಮೇಯುವುದನ್ನು ನೀವು ಎಂದಾದರೂ ಕೂತು ನೋಡಿದ್ದೀರಾ? ಅದರಲ್ಲಿ ನೋಡುವಂಥದ್ದೇನಿದೆ ಎಂದು ಕೇಳಿದರೆ ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಮೊನ್ನೆ ಮೊಮ್ಮಗಳೂ ಹಾಗೆಯೇ ಕೇಳಿದಳು. ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟ ಗುರು ಅವಳೇ ಆದ್ದರಿಂದ ಎದುರು ಮಾತಾಡದೆ ಸುಮ್ಮನಾದೆ. ನಿಮ್ಮ ಹತ್ತಿರ ಆ ಭಯವಿಲ್ಲ, ಹೇಳುತ್ತೇನೆ ಕೇಳಿ. ಹಸು ತನ್ನ ನಾಲಿಗೆಯನ್ನು ಕುಡುಗೋಲಿನ ಹಾಗೆ ಚಾಚಿ, ಒಂದು ಹಿಡಿ ಹುಲ್ಲನ್ನು ಒಟ್ಟಿಗೆ ತಬ್ಬಿ, ಕತ್ತನ್ನು ಪಕ್ಕಕ್ಕೆ ಜಗ್ಗಿ ಪರ್ರನೆ ಕಿತ್ತುಕೊಳ್ಳುತ್ತದೆ. ಒಣಗಿದ್ದು, ಒರಟಾದದ್ದು, ಬಲಿತದ್ದು ಎಂಬ ಭೇದ ಅದಕ್ಕಿಲ್ಲ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೇ ನುಗ್ಗಿ ಕೂರುವ ನೆಂಟನಂತೆ, ಎಲೆಗೆ ಬಿದ್ದದ್ದೆಲ್ಲ ಒಳಕ್ಕೆ. ಜಿಂಕೆಯ ವರಸೆಯೇ ಬೇರೆ. ಸಂತೆಯಲ್ಲಿ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡುವ ಹೆಂಗಸಿನ ಹಾಗೆ ಅದು ಸಣ್ಣ ಮೂತಿಯನ್ನು ಆಚೀಚೆ ಆಡಿಸಿ, ಎಳೆಯದನ್ನಷ್ಟೇ ಆರಿಸಿ, ಚಿಟಿಕೆಯಷ್ಟು ಚಿವುಟಿ, ಮರುಗಳಿಗೆ ತಲೆಯೆತ್ತಿ ನಾಲ್ಕು ದಿಕ್ಕನ್ನೂ ನೋಡುತ್ತದೆ.

ಈ ಎರಡು ಬಾಯಿಗಳ ನಡುವೆ ನಾನು ಕೈ ಹಾಕಿದೆ.

ನಾನು ಹುಟ್ಟಿದ್ದು ಟಿ. ನರಸೀಪುರದ ಕಡೆ ಹೆಮ್ಮಿಗೆಯಲ್ಲಿ. ನೀರು, ಗದ್ದೆ, ಕೆಸರು, ಕಪ್ಪೆಯ ಸೀಮೆ. ಜಿಂಕೆಯೆಂದರೆ ನನಗೆ ಗೋಡೆಯ ಕ್ಯಾಲೆಂಡರಿನಲ್ಲಿ ಋಷಿಪತ್ನಿಯ ಪಕ್ಕ ನಿಂತ ಸಾಧು ಪ್ರಾಣಿ. ಮದುವೆಯಾಗಿ ಬಂದದ್ದು ನಂಜನಗೂಡು ತಾಲ್ಲೂಕಿನ ದಕ್ಷಿಣದ ಅಂಚಿಗೆ; ರಾಗಿ, ಅವರೆ, ಕೆಂಪು ಧೂಳು, ಮತ್ತು ಊರಾಚೆಗೆ ಕಾವಲು. ಕಾವಲೆಂದರೆ ಹಿಂದೆ ಅರಸರ ಕಾಲದಲ್ಲಿ ದನಗಳಿಗೆಂದೇ ಬಿಟ್ಟಿದ್ದ ಹುಲ್ಲು ಬಯಲು. ಅದರ ಆ ಕಡೆಗೆ ಕಾಡು. ನಾನು ಬಂದ ಕೆಲವು ವರ್ಷಕ್ಕೆ ಅರಣ್ಯ ಇಲಾಖೆಯವರು ಕಾವಲಿನ ಸುತ್ತ ಕಂದಕ ತೋಡಿ, ಇನ್ನು ಮುಂದೆ ಇದು ಜಿಂಕೆಗಳದ್ದು, ನಿಮ್ಮ ದನ ಒಳಗೆ ಕಂಡರೆ ದೊಡ್ಡಿಗೆ ಕೂಡುತ್ತೇವೆ ಎಂದರು. ಕೂಡಿದರು ಕೂಡ. ನಮ್ಮ ಹಸು ಗೌರಿಯನ್ನೇ ಎರಡು ಸಲ ಹಿಡಿದುಕೊಂಡು ಹೋದದ್ದು ಗಾರ್ಡ್ ಮಾದಯ್ಯ. ಎರಡು ಸಲವೂ ನನ್ನ ಅತ್ತೆ ದೊಡ್ಡಿಯ ಬಾಗಿಲಲ್ಲಿ ನಿಂತು ಅವನ ವಂಶವೃಕ್ಷವನ್ನು ಬೇರಿನಿಂದ ಚಿಗುರಿನವರೆಗೆ ಬಣ್ಣಿಸಿದ್ದರು.

ಅಂಥ ಮಾದಯ್ಯ, ತೊಂಬತ್ತರ ದಶಕದ ನಡುವಿನ ಒಂದು ಬೆಳಿಗ್ಗೆ, ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು ನಮ್ಮ ಜಗುಲಿಯ ಮುಂದೆ ನಿಂತಿದ್ದ.

"ಅಕ್ಕಾ, ನಾಳಿಂದ ನಿಮ್ ದನವ ಕಾವಲೊಳಕ್ಕೆ ಒಡ್ಕಂಡ್ ಬನ್ನಿ."

ನನ್ನ ಕೈಯ ಪೊರಕೆ ಕೆಳಗೆ ಬಿತ್ತು. ಒಳಗಿಂದ ಅತ್ತೆ ಈಚೆಗೆ ಬಂದರು. "ಏನ್ಲಾ ಮಾದಯ್ಯ, ಒತ್ತುಟ್ಟೋಕ್ ಮುಂಚೇನೇ ಏರುಸ್ಕಂಡ್ ಬಂದಿದ್ದೀಯ?"

"ಅಯ್ಯೋ, ನಂಜುಂಡಪ್ಪನಾಣೆಗೂ ಇಲ್ಲ ಕಣಜ್ಜಿ. ರೇಂಜರ್ ಸಾಯೇಬ್ರು ಯೇಳವ್ರೆ. ದನ ನಿಲ್ಸುದ್ ಮ್ಯಾಕೆ ಉಲ್ಲು ಆಳುದ್ದ ಬೆಳ್ಕಂಡದೆ, ಬಲ್ತು ಕಡ್ಡಿ ಆಗದೆ. ಜಿಂಕೆ ಬಾಯೇ ಆಕಾಕಿಲ್ಲ. ಉಲ್ಲೊಳಗೆ ಚಿರ್ತೆ ಕುಂತಿದ್ರೂ ಕಾಣಾಕಿಲ್ಲ ಅಂತ ಅವ್ಕೆ ಬಯ. ದನ ಬುಟ್ಟು ಮೇಯ್ಸುದ್ರೆ ಉಲ್ಲು ಗಿಡ್ಡಾಗಿ ಚಿಗುರು ಬತ್ತದೆ, ಆಗ ಜಿಂಕೆ ಬತ್ತವಂತೆ."

ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಅಂದ್ರೆ ಜಿಂಕೆ ಬ್ಯಾಡ ಅಂದುದ್ದ ನಮ್ ದನ ತಿನ್ನಬೇಕು, ದನ ತಿಂದ್ ಬುಟ್ಟುದ್ದ ಜಿಂಕೆ ತಿನ್ನಬೇಕು. ಎಂಜ್ಲೆಲೆ ಸಂಬಂದ ಆಯ್ತಲ್ಲೋ! ಅಂಗಾದ್ರೆ ಆವತ್ತು ನನ್ ಗೌರೀನ ಎಳ್ಕಂಡೋಗಿದ್ದು ಯಾಕ್ಲಾ?"

ಪಾಪ, ಮಾದಯ್ಯ ಟೊಪ್ಪಿ ತಲೆಗಿಟ್ಟುಕೊಂಡು ಪಕ್ಕದ ಜಗುಲಿಯತ್ತ ನಡೆದ. ಉಳಿಸಬೇಕೆಂದು ಕಂದಕ ತೋಡಿದ ಬಯಲು ಕಂದಕದೊಳಗೇ ಬರಿದಾಗುತ್ತಿತ್ತಲ್ಲ, ಅವನಾದರೂ ಏನು ಮಾಡಿಯಾನು? ಅಂತೂ ಕಂದಕಕ್ಕೆ ಒಂದು ಕಡೆ ಮಣ್ಣು ತುಂಬಿ ದಾರಿ ಮಾಡಿ, ಬಿಳಿ ಬಳಿದ ಕಲ್ಲು ನೆಟ್ಟು ಕಾವಲನ್ನು ಪಾಲು ಮಾಡಿದರು. ಒಂದು ಪಾಲು ಮೇಯ್ದಾದ ಮೇಲೆ ಮುಂದಿನದು. ಕೆಲವೇ ಮನೆಯ ದನ. ಕೊಡಲಿ ಇಲ್ಲ, ಬೆಂಕಿಕಡ್ಡಿ ಇಲ್ಲ, ಹೊತ್ತು ವಾಲುವ ಮುಂಚೆ ಆಚೆಗೆ ಬಂದುಬಿಡಬೇಕು.

ದನಗಳ ಜೊತೆ ಹೋಗುತ್ತಿದ್ದದ್ದು ಹೆಚ್ಚಾಗಿ ಹೆಂಗಸರು. ನಾನು, ನನ್ನ ಗೆಳತಿ ಪುಟ್ಟಮಣಿ, ಇನ್ನೂ ಮೂರ್ನಾಲ್ಕು ಜನ. ಪುಟ್ಟಮಣಿ ಸ್ವಾತಂತ್ರ್ಯ ಚಳವಳಿಗೆ ಹೆಸರಾದ ತಗಡೂರಿನ ಹೆಣ್ಣು. ಸರ್ಕಾರಕ್ಕೆ ಎದುರು ನಿಲ್ಲುವುದು ನಮ್ಮೂರ ನೀರಿನಲ್ಲೇ ಇದೆ ಎಂದು ಮಾತುಮಾತಿಗೂ ಹೇಳುವವಳು, ಮತ್ತು ಮಾದಯ್ಯನ ಟೊಪ್ಪಿ ಕಂಡರೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವಳು.

ನಿಮಗೆ ನಿಜ ಹೇಳುತ್ತೇನೆ. ಕ್ಯಾಲೆಂಡರಿನ ಜಿಂಕೆಯನ್ನು ನಂಬಿದ್ದ ನನಗೆ, ಹಸುವನ್ನು ಒಳಗೆ ಬಿಟ್ಟ ಮಾರನೆಯ ದಿನವೇ ಜಿಂಕೆಗಳು ಕುಣಿಯುತ್ತಾ ಬಂದು ಗೌರಿಯ ಪಕ್ಕ ನಿಂತು ಮೇಯುತ್ತವೆಂಬ ಕಲ್ಪನೆಯಿತ್ತು. ಒಂದೂ ಬರಲಿಲ್ಲ. ಮಳೆ ಬಿದ್ದು, ಮೇಯ್ದ ಪಾಲಿನಲ್ಲಿ ಗರಿಕೆ ಹಸಿರು ಉಕ್ಕಿಸಿದರೂ ಹಗಲೆಲ್ಲ ಬಯಲು ಖಾಲಿ. ಸಾಹೇಬರಿಗೆ ಬಿಸಿಲು ತಲೆಗೇರಿದೆ ಎಂದು ನಾವು ಆಡಿಕೊಂಡೆವು. ಆದರೆ ಮೇಯ್ದ ನೆಲದ ಮೇಲೆ ದಿನಾ ಬೆಳಿಗ್ಗೆ ಹೊಸ ಹೆಜ್ಜೆ, ಹೊಸ ಹಿಕ್ಕೆ. ಹಾಗಾದರೆ ಯಾವಾಗ ಬರುತ್ತವೆ? ಒಂದು ಸಂಜೆ ದನಗಳನ್ನು ಮಿಕ್ಕವರ ಜೊತೆ ಮುಂದೆ ಕಳಿಸಿ, ನಾನೂ ಪುಟ್ಟಮಣಿಯೂ ಕಂದಕದ ಏರಿಯ ಮೇಲೆ ಸೆರಗು ಹೊದ್ದು ಬೋರಲು ಮಲಗಿದೆವು.

ಕೊನೆಯ ಹಸುವಿನ ಕೊರಳ ಗಂಟೆ ಕಂದಕ ದಾಟಿತು. ಟೊಣ್, ಟೊಣ್, ಟೊಣ್ ಎಂದು ಸಣ್ಣದಾಗುತ್ತಾ ಊರ ಕಡೆ ತಿರುಗಿ, ಇಲ್ಲವಾಯಿತು. ನಾನು ಬಾಯೊಳಗಿನ ಎಲೆಯಡಿಕೆಯನ್ನು ಇನ್ನೂ ಉಗಿದಿರಲಿಲ್ಲ. ಲಂಟಾನದ ಪೊದೆಯ ಅಂಚು ಅಲುಗಿ, ಒಂದು, ಎರಡು, ಆಮೇಲೆ ಎಣಿಕೆಗೆ ಸಿಗದಷ್ಟು ಜಿಂಕೆಗಳು ಬಯಲಿಗೆ ಇಳಿದವು. ಅವಸರವಿಲ್ಲ, ಅಂಜಿಕೆಯಿಲ್ಲ. ಕೆಲಸದ ಪಾಳಿ ಬದಲಾದಂತೆ.

ಪುಟ್ಟಮಣಿ ನನ್ನ ತೋಳು ಚಿವುಟಿದಳು. "ನೋಡಮ್ಮಿ! ಇಷ್ಟೊತ್ತೂ ಅಲ್ಲೇ ನಿಂತ್ಕಂಡು ನಮ್ ಮಾತೆಲ್ಲ ಕೇಳುಸ್ಕಂಡವೆ. ನಿಮ್ಮತ್ತೆ ಮ್ಯಾಲೆ ನೀ ಯೇಳುದ್ ಚಾಡೀನೂವೆ."

ಬೆಳಿಗ್ಗೆಯೂ ಹಾಗೆಯೇ. ಮೊದಲ ಗಂಟೆಯ ಸದ್ದು ಕಂದಕದ ಬಳಿ ಕೇಳಿದೊಡನೆ ತಲೆಯೆತ್ತಿ, ಓಡದೆ, ನಡೆದೇ ಪೊದೆಯೊಳಗೆ ಸರಿದುಬಿಡುತ್ತಿದ್ದವು. ಅವಕ್ಕೆ ಗಂಟೆಯೇ ಗಡಿಯಾರ ಎಂದ ಮಾದಯ್ಯ. ಗಂಟೆಯೆಂದರೆ ಹಸು, ಹಸುವಿನ ಹಿಂದೆ ಹೆಂಗಸು, ಹೆಂಗಸಿನ ಹಿಂದೆ ಊರನಾಯಿ. ಗಂಟೆ ಹೋಯಿತೆಂದರೆ ಮೂರೂ ಹೋದವು. ನನಗೆ ಬೆರಗಾಯಿತು. ಒಂದೇ ಒಲೆಯನ್ನು ಹಂಚಿಕೊಂಡ ಇಬ್ಬರು ಓರಗಿತ್ತಿಯರು ಎದುರುಬದುರು ಬಾರದಂತೆ ಹೊತ್ತು ಹೊಂದಿಸಿಕೊಂಡು, ಒಬ್ಬಳು ಇಟ್ಟ ಕೆಂಡದ ಮೇಲೆ ಇನ್ನೊಬ್ಬಳು ಸಾರು ಕುದಿಸಿಕೊಳ್ಳುತ್ತಾರಲ್ಲ, ಆ ನಯನಾಜೂಕು ಈ ಮೂಗಪ್ರಾಣಿಗಳಿಗೆ ಯಾರು ಕಲಿಸಿದರು? ನಾನು ಮತ್ತು ನನ್ನ ಓರಗಿತ್ತಿ ಏಳು ವರ್ಷ ಒಂದೇ ಮನೆಯಲ್ಲಿದ್ದೂ ಕಲಿಯಲಿಲ್ಲ.

ಎರಡನೆಯ ವರ್ಷದ ಹೊತ್ತಿಗೆ ಈ ಗುಂಪಿನಲ್ಲಿ ಒಂದು ಹೆಣ್ಣು ಜಿಂಕೆ, ಇನ್ನೂ ಪೂರ್ತಿ ಬೆಳೆಯದ್ದು, ಕಟ್ಟಳೆ ಮೀರತೊಡಗಿತು. ಬೆಳಿಗ್ಗೆ ಎಲ್ಲರೂ ಸರಿದ ಮೇಲೂ ನಿಲ್ಲುವುದು, ಸಂಜೆ ಎಲ್ಲರಿಗಿಂತ ಮುಂಚೆ ಬರುವುದು. ಗೌರಿ ಒರಟು ಹುಲ್ಲನ್ನು ಕಿತ್ತಲ್ಲಿ ಅಡಿಯ ಎಳೆಗರಿಕೆ ಬಯಲಾಗುತ್ತದೆ. ಇದು ನಾಲ್ಕು ಮಾರು ಹಿಂದೆ ನಿಂತು ಅದನ್ನು ಚಿವುಟಿಕೊಳ್ಳುವುದು. ನನಗೋ ಹಿಗ್ಗೋ ಹಿಗ್ಗು. ಹೆಸರಿಡೋಣವೆಂದರೆ ಅತ್ತೆ ಬೈದರು. "ಎಸ್ರು ಇಟ್ರೆ ರುಣ ಅಂಟ್ಕತದೆ. ಕಾಡುದ್ದು ಕಾಡ್ಗೇ ಇರ್ಲಿ, ಸುಮ್ಕಿರು."

ಹೆಸರಿಡಲಿಲ್ಲ. ಆದರೆ ಋಣ ಹೆಸರಿಗೆ ಕಾಯುತ್ತದೆಯೇ? ಒಂದು ಸಂಜೆ ನಾವು ಹೊರಡುವ ಹೊತ್ತಿಗೆ ಊರನಾಯಿಗಳು ಅದನ್ನು ಬೆನ್ನಟ್ಟಿದವು. ಕಾಡಿನ ದಾರಿ ನಾಯಿಗಳ ಕಡೆಗಿತ್ತು. ಅದು ತಿರುಗಿ ಬಾಣದಂತೆ ಬಂದು ದನಗಳ ನಡುವೆ ತೂರಿಕೊಂಡಿತು, ನಾಯಿಗಳು ಗಕ್ಕನೆ ನಿಂತವು. ನಮ್ಮ ಕಡೆ ನಾಯಿಮರಿಗೆ ಮೊದಲು ಕಲಿಸುವ ಪಾಠವೇ ಅದು: ಗಂಟೆ ಕಟ್ಟಿದ್ದು ನಮ್ಮದು, ಅದರ ತಂಟೆಗೆ ಹೋಗಬಾರದು. ಹಾಗೆ ಗಂಟೆಗಳ ನಡುವೆ ಅವಿತು, ಗೌರಿಯ ಹೊಟ್ಟೆಗೆ ಅಂಟಿಕೊಂಡು, ಆ ಜಿಂಕೆ ಊರಿಗೇ ಬಂತು. ಕೊಟ್ಟಿಗೆಯಲ್ಲಿ ಗೌರಿಯನ್ನು ಕಟ್ಟಲು ಬಗ್ಗಿದ ನಾನು, ಹಸುವಿನ ಆಚೆಗೆ ಗೋಡೆಯ ಮೂಲೆಯಲ್ಲಿ ಹೊಳೆವ ಎರಡು ಕಣ್ಣು ಕಂಡು ಕಿಟಾರನೆ ಕಿರುಚಿಕೊಂಡೆ.

ಬೆಳಗಾಯಿತು. ಜಿಂಕೆ ಇಟ್ಟದ್ದು ಮುಟ್ಟಿರಲಿಲ್ಲ, ನೀರು ಕುಡಿದಿರಲಿಲ್ಲ, ನಿಂತಲ್ಲೇ ನಡುಗುತ್ತಿತ್ತು. ಕೊಟ್ಟಿಗೆಯ ಬಾಗಿಲ ಹೊರಗೆ ಊರಿನ ನಾಯಿಗಳೆಲ್ಲ ಪಂಚಾಯಿತಿ ಕೂತಿದ್ದವು. ಇದನ್ನು ಕಾವಲಿನವರೆಗೆ ಜೀವಸಹಿತ ಮುಟ್ಟಿಸುವುದು ಹೇಗೆ? ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ನನಗೊಂದು ಉಪಾಯ ಹೊಳೆಯಿತು. ಹೊಳೆದ ಕೂಡಲೇ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಗಂಟೆ ಕಟ್ಟಿದ್ದನ್ನು ನಾಯಿ ಮುಟ್ಟುವುದಿಲ್ಲ. ಇದಕ್ಕೊಂದು ಗಂಟೆ ಕಟ್ಟಿಬಿಟ್ಟರೆ ಆಯಿತು!

ಗೂಟದಲ್ಲಿ ಗೌರಿಯ ಕರುವಿಗೆಂದು ಇಟ್ಟಿದ್ದ ಪುಟ್ಟ ಕಂಚಿನ ಗಂಟೆಯಿತ್ತು; ನನ್ನಪ್ಪ ಮುಡುಕುತೊರೆಯ ದನದ ಪರಿಷೆಯಲ್ಲಿ ಕೊಂಡು ತಂದದ್ದು. ಪಕ್ಕದಲ್ಲಿ ಪುಂಡಿನಾರಿನ ಹಳೆಯ ಹುರಿಯೂ ಇತ್ತು, ನಂಜನಗೂಡಿನಿಂದ ಹೊಸದಾಗಿ ತಂದ ನೀಲಿ ನೈಲಾನ್ ಹಗ್ಗವೂ ಇತ್ತು. ಪುಂಡಿಯದನ್ನು ಕಟ್ಟಿದ್ದರೆ ಒಂದು ಮಳೆಗಾಲಕ್ಕೆ ಕೊಳೆತು ಬಿದ್ದುಹೋಗುತ್ತಿತ್ತು. ಇಷ್ಟು ಒಳ್ಳೆಯ ಕೆಲಸಕ್ಕೆ ಹಳೆಯ ಹುರಿ ಯಾಕೆಂದು ನಾನು ನೈಲಾನೇ ತೆಗೆದುಕೊಂಡೆ. ಅತ್ತೆ ಗೌರಿಯನ್ನು ಗೋಡೆಗೆ ಒತ್ತಿ ಹಿಡಿದರು. ನಡುವೆ ಸಿಕ್ಕ ಜಿಂಕೆಯ ಕೊರಳಿಗೆ ನಾನು ಹಗ್ಗ ಸುತ್ತಿ, ನಾಲ್ಕು ಬೆರಳು ಸಡಿಲ ಬಿಟ್ಟು, ಬಿಚ್ಚಿಹೋಗದ ಗಂಟು ಹಾಕಿದೆ. ಆ ಕತ್ತಿನ ಅಡಿಯ ನಾಡಿ ನನ್ನ ಬೆರಳಿಗೆ ಬಡಿದ ಬಡಿತವಿದೆಯಲ್ಲ, ಅದನ್ನು ನಾನು ಭಯವೆಂದು ತಿಳಿಯದೆ, ಸಲಿಗೆಯೆಂದು ತಿಳಿದೆ.

ನಾಯಿಗಳು ಎದ್ದವು, ಗಂಟೆ ಕೇಳಿದವು, ಬಾಲ ಅಲ್ಲಾಡಿಸಿ ಕೂತವು. ಮೆರವಣಿಗೆಯಲ್ಲಿ ಹೋದ ಹಾಗೆ ಹೋದೆ ನಾನು. ಬೀದಿಯಲ್ಲಿ ಎದುರಾದ ಪುಟ್ಟಮಣಿ ಬಾಯ ಮೇಲೆ ಕೈಯಿಟ್ಟುಕೊಂಡಳು. "ಇದೇನಮ್ಮಿ ಇದು? ನಿಮ್ ಗೌರಿ ಜಿಂಕೆ ಈದವಳಾ?"

"ಊ ಕಣಮ್ಮಿ, ಗಿಣ್ಣಾಲು ಕಳುಸ್ತೀನಿ, ಚೊಂಬು ತಗಂಬಾ" ಎಂದೆ.

ಕಂದಕ ದಾಟಿದೆವು. ಆ ಹೊತ್ತಿಗೆ ಗುಂಪು ಪೊದೆಯ ಅಂಚಿಗೆ ಸರಿದು ನಿಂತಿತ್ತು. ತನ್ನವರನ್ನು ಕಂಡದ್ದೇ ಜಿಂಕೆ ದನಗಳ ನಡುವಿನಿಂದ ಜಿಗಿದು ಅತ್ತ ಓಡಿತು. ಟೊಣ್ ಟೊಣ್ ಟೊಣ್. ಅಷ್ಟೂ ಕತ್ತುಗಳು ಒಮ್ಮೆಲೇ ಸೆಟೆದವು. ಒಂದು ಹಿರಿಯ ಹೆಣ್ಣುಜಿಂಕೆ ನೆಲಕ್ಕೆ ಕಾಲು ಬಡಿದು ಕೂಗಿತು. ಮರುಕ್ಷಣ ಬಾಲಗಳ ಬಿಳಿಯಷ್ಟೇ ಕಂಡಿತು, ಗುಂಪಿಗೆ ಗುಂಪೇ ಚದುರಿ ಓಡಿತು. ನಮ್ಮ ಜಿಂಕೆ ಏನೂ ತಿಳಿಯದೆ ನಿಂತಿತು. ಗಂಟೆ ನಿಂತಿತು. ಅವೂ ದೂರದಲ್ಲಿ ನಿಂತವು. ಇದು ಮತ್ತೆ ಹೆಜ್ಜೆಯಿಟ್ಟಿತು, ಗಂಟೆ ಆಡಿತು, ಅವು ಮತ್ತೆ ಓಡಿದವು. ಇದು ಅಟ್ಟಿಸಿಕೊಂಡು ಹೋದಷ್ಟೂ ಗಂಟೆ ಜೋರಾಯಿತು, ಗಂಟೆ ಜೋರಾದಷ್ಟೂ ಅವು ದೂರವಾದವು.

ಮೊದಲು ನಾನು ನಕ್ಕೆ. ಅದನ್ನು ಮುಚ್ಚಿಡುವುದಿಲ್ಲ, ಕಣ್ಣಾಮುಚ್ಚಾಲೆಯ ಹಾಗೆ ಕಂಡಿತು, ಸೊಂಟ ಹಿಡಿದುಕೊಂಡು ನಕ್ಕೆ. ನಾಲ್ಕನೆಯ ಸಲ ಅದು ನಿಂತು, ತನ್ನ ಬೆನ್ನ ಹಿಂದೆ ಯಾವುದೋ ಹಸು ಬರುತ್ತಿದೆಯೇನೋ ಎಂಬಂತೆ ತಿರುಗಿ ನೋಡಿತು. ಆಗ ನಗು ಬಾಯಲ್ಲೇ ಒಣಗಿತು. ತನ್ನವರು ಓಡುತ್ತಿರುವುದು ತನ್ನನ್ನು ಕಂಡೇ ಎಂದು ಅದಕ್ಕೆ ಗೊತ್ತಿರಲಿಲ್ಲ.

ಆಮೇಲೆ ಅದು ಕೊಟ್ಟಿಗೆಗೂ ಬರಲಿಲ್ಲ. ನನ್ನ ಕೈ ಕೊರಳಿಗೆ ಬಂದದ್ದನ್ನು ಅದು ಮರೆತಿರಲಿಲ್ಲ. ನನ್ನನ್ನು ಕಂಡರೆ ಒಂದು ಫರ್ಲಾಂಗು ಆಚೆ. ದನ ಬೇಡ, ಜಿಂಕೆ ಹತ್ತಿರ ಸೇರಿಸುವುದಿಲ್ಲ. ಬಯಲಿನ ನಡುವೆ ಒಂಟಿ. ಮಾದಯ್ಯ ನನ್ನನ್ನು ಮರದ ಮರೆಗೆ ಕರೆದು ಸಣ್ಣ ದನಿಯಲ್ಲಿ ಬೈದ.

"ಎಂತಾ ಕೆಲ್ಸ ಮಾಡ್ಬುಟ್ರಿ ಅಕ್ಕಾ! ಗುಂಪು ಬುಟ್ಟ ಜಿಂಕೆ ಎಷ್ಟ್ ದಿನ ಬದುಕ್ತದೆ? ಮ್ಯಾಲೆ ಚಿರ್ತೆಗೆ ಊಟುದ್ ಗಂಟೆ ಬ್ಯಾರೆ ಕಟ್ಟಿದ್ದೀರ."

"ಇಡ್ದು ಬಿಚ್ಚಕ್ಕಾಗಕಿಲ್ವಾ ಮಾದಯ್ಯ?"

"ಬಲೆ ಆಕುದ್ರೆ ಬಯಕ್ಕೇ ಎದೆ ಒಡ್ಕಂಡು ಸಾಯ್ತವೆ ಜಿಂಕೆ. ನಾ ಕಣ್ಣಾರೆ ಕಂಡಿವ್ನಿ. ಸಾಯೇಬ್ರಿಗೆ ತಿಳುದ್ರೆ ನನ್ ಕೆಲ್ಸವೂ ಓಯ್ತದೆ, ನಿಮ್ ದನುವೂ ಆಚ್ಗೆ. ಮುಂಗಾರ್ ಬೀಳೋಗಂಟ ಸುಮ್ಕಿರ್ತೀನಿ. ಆಮ್ಯಾಕೆ ನಾನೇ ಓಗಿ ಒಪ್ಕತೀನಿ."

ನಾನು ಕೇಡು ಬಯಸಿದ್ದೆನೇ? ಇಲ್ಲ. ನಾಯಿಯಿಂದ ಉಳಿಸಿದೆ. ಉಳಿಸುವ ಭರದಲ್ಲಿ, ನಾಯಿಯ ಭಾಷೆಯಲ್ಲಿ ‘ಇದು ನಮ್ಮದು’ ಎಂದು ಬರೆದದ್ದನ್ನು ಜಿಂಕೆಗಳು ತಮ್ಮ ಭಾಷೆಯಲ್ಲಿ ‘ಇದು ನಮ್ಮದಲ್ಲ’ ಎಂದು ಓದಿಕೊಂಡವು. ಕಂದಕ ತೋಡಿಸಿದ ಸಾಹೇಬರನ್ನು ಆಡಿಕೊಂಡು ನಕ್ಕವಳು ನಾನೇ ಅಲ್ಲವೇ? ಅವರು ಬಯಲಿಗೆ ಮಾಡಿದ್ದನ್ನು ನಾನು ಒಂದು ಕೊರಳಿಗೆ ಮಾಡಿದ್ದೆ. ಅವರದಾದರೋ ದನ ಬಿಟ್ಟರೆ ಸರಿಹೋಗುವಂಥದ್ದು.

ಯೋಚಿಸಿ ಯೋಚಿಸಿ ಒಂದು ದಾರಿ ಕಂಡಿತು. ಜಿಂಕೆಯ ಗಂಟೆ ಬಿಚ್ಚಲಾಗದು, ಸರಿ. ನಮ್ಮ ದನಗಳ ಗಂಟೆ ಬಿಚ್ಚಬಹುದಲ್ಲ? ಕಾವಲಿನಲ್ಲಿ ಅದೊಂದೇ ಗಂಟೆ ಉಳಿದರೆ, ಆ ಸದ್ದಿನ ಹಿಂದೆ ಹಸುವಿಲ್ಲ, ಹೆಂಗಸಿಲ್ಲ, ನಾಯಿಯಿಲ್ಲ ಎಂದು ಇವತ್ತಲ್ಲ ನಾಳೆ ಅವಕ್ಕೆ ತಿಳಿಯಬೇಕು. ಬೆಳಿಗ್ಗೆ ಊರ ಮುಂದೆ ದನ ಕೂಡುವ ಹೊತ್ತಿಗೆ ಹೆಂಗಸರ ಮುಂದೆ ಮಾತೆತ್ತಿದೆ. ಎಲ್ಲರ ಮುಖ ನೋಡಬೇಕಿತ್ತು ನೀವು. ಯಾಕೆಂದರೆ ನಮ್ಮಲ್ಲಿ ಹಸುವಿಗೆ ಒಂದು ಸಲ ಗಂಟೆ ಕಟ್ಟಿದರೆ ಅದನ್ನು ಬಿಚ್ಚುವುದು ಅದು ಸತ್ತ ದಿನ, ಹೂಳುವ ಮುಂಚೆ.

ಪುಟ್ಟಮಣಿಗೆ ಕೆಂಡದಂಥ ಕೋಪ ಬಂತು. "ನೀ ಮಾಡುದ್ ಎಡ್ವಟ್ಗೆ ನಮ್ ಅಸಿನ್ ಕತ್ ಬರ್ದು ಮಾಡ್ಬೇಕಾ? ಬದ್ಕಿರೋ ಅಸಿನ್ ಗಂಟೆ ಬಿಚ್ಚುದ್ರೆ ತಾಳಿ ಕಿತ್ತಂಗೆ ಕಣಮ್ಮಿ. ಅಸು ಉಳೀತದಾ? ಒಂದ್ ಜಿಂಕೆ ಓದ್ರೆ ಓಯ್ತು ಬುಡು!"

ಮಿಕ್ಕವರೂ ಹೂಗುಟ್ಟಿದರು. ನನಗೂ ಒಳಗೊಳಗೆ ಹೆದರಿಕೆಯೇ. ಆಗ ನನ್ನ ಅತ್ತೆ, ಹೆಸರಿಟ್ಟರೆ ಋಣ ಅಂಟುತ್ತದೆ ಎಂದು ಬೈದ ಅತ್ತೆ, ಗೌರಿಯನ್ನು ಹಿಡಿದುಕೊಂಡು ಗುಂಪಿನ ನಡುವೆ ಬಂದರು.

"ಪುಟ್ಟಮಣಿ, ನನ್ ಕತ್ತಿಂದೂ ಬಿಚ್ಚುದ್ರು ಕಣಮ್ಮಿ."

ಮಾವ ತೀರಿಹೋದದ್ದು ನನ್ನ ಮದುವೆಗೂ ಮುಂಚೆ. ನಾನು ಆ ಮನೆಗೆ ಬಂದಾಗಿನಿಂದ ಅವರು ಆ ಮಾತನ್ನು ಒಂದು ದಿನವೂ ಆಡಿದ್ದು ಕೇಳಿರಲಿಲ್ಲ.

"ಅವತ್ತು ನಿಮ್ ಅತ್ತೇರೆಲ್ಲ ಸುತ್ತ ನಿಂತಿದ್ರು. ಬಿಚ್ಚುದ್ ಮ್ಯಾಕೆ ಅವ್ರೇ ನನ್ ಕಂಡ್ರೆ ದಾರಿ ಬುಟ್ಟು ಸರ್ಕಂಡ್ರು. ಬಿಚ್ಚುದ್ರೆ ಸಾಯ್ತಾರೆ ಅನ್ನಂಗಿದ್ರೆ, ಇಷ್ಟ್ ವರ್ಸದಿಂದ ನಿಮ್ಮೆದ್ರು ಓಡಾಡ್ತಾ ಇರೋದು ನನ್ ದೆವ್ವವಾ?"

ಹೀಗೆಂದವರೇ ಬಗ್ಗಿ, ಹಲ್ಲಿನಿಂದ ಗಂಟು ಕಚ್ಚಿ ಸಡಿಲಿಸಿ, ಗೌರಿಯ ಗಂಟೆಯನ್ನು ಬಿಚ್ಚಿ ತಮ್ಮ ಮಡಿಲಿಗೆ ಹಾಕಿಕೊಂಡರು. ಗೌರಿ ಒಂದು ಸಲ ತಲೆ ಕೊಡವಿತು, ಸದ್ದು ಬಾರದ್ದಕ್ಕೆ ತಾನೇ ಅಚ್ಚರಿಪಟ್ಟು ಇನ್ನೊಂದು ಸಲ ಕೊಡವಿತು. ಜಿಂಕೆಯ ಕಷ್ಟ ನನಗೆ ಹೊಸದಾಗಿ ಕಂಡಿತ್ತು. ಅತ್ತೆ ಅದನ್ನು ಮೊದಲ ದಿನವೇ ಗುರುತಿಸಿದ್ದರು, ಯಾಕೆಂದರೆ ಅದು ಅವರದ್ದೇ. ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ, ಸಾರಿಗೆ ಉಪ್ಪು ಹೆಚ್ಚು ಕಡಿಮೆಯ ಜಗಳದಲ್ಲೇ ನಾನು ಅಷ್ಟೂ ವರ್ಷ ಕಳೆದಿದ್ದೆ.

ಪುಟ್ಟಮಣಿ ಹೋಗಿ ತನ್ನ ಹಸುವಿನ ಕೊರಳಿಗೆ ಕೈಹಾಕಿದಳು. ಒಂದೊಂದಾಗಿ ಎಲ್ಲ ಗಂಟೆಗಳನ್ನೂ ಬಿಚ್ಚಿದೆವು. ನಾಯಿಗಳನ್ನು ಮನೆಯಲ್ಲಿ ಕಟ್ಟಿಹಾಕಿದೆವು, ಗಂಡಸರ ಗೊಣಗಾಟವನ್ನೂ ಜೊತೆಗೆ. ಗಂಟೆಯಿಲ್ಲದ ದನ ಎಲ್ಲಿ ಹೋಯಿತೆಂದು ತಿಳಿಯದು, ಆದ್ದರಿಂದ ನೆರಳಲ್ಲಿ ಕೂತು ಹರಟೆ ಹೊಡೆಯುವ ಕಾಲ ಮುಗಿಯಿತು; ಒಬ್ಬೊಬ್ಬಳೂ ತಂತಮ್ಮ ಹಸುವಿನ ಬಾಲ ಹಿಡಿದು ಬಿಸಿಲಲ್ಲಿ ಅಲೆಯಬೇಕಾಯಿತು.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ? ಜಿಂಕೆಗಳ ನೆಮ್ಮದಿಯೇ ಹಾರಿಹೋಯಿತು! ಮುಂಚೆ ಗಂಟೆ ಕೇಳಿ ಸರಿಯುತ್ತಿದ್ದವು, ಗಂಟೆ ಹೋದರೆ ಬರುತ್ತಿದ್ದವು. ಈಗ ಹಸುಗಳು ಕಳ್ಳರ ಹಾಗೆ ಸದ್ದಿಲ್ಲದೆ ಬಂದು ಎದುರಿಗೇ ನಿಂತುಬಿಡುತ್ತಿದ್ದವು. ಜಿಂಕೆಗಳಿಗೆ ಯಾವಾಗ ಬರಬೇಕು, ಯಾವಾಗ ಹೋಗಬೇಕು ತಿಳಿಯದು. ಒಂದು ಬಾಯಿ ಮೇಯುವುದು, ಹತ್ತು ಸಲ ತಲೆ ಎತ್ತುವುದು. ತರಗೆಲೆ ಬಿದ್ದರೂ ಓಟ. ನಾನು ಅವುಗಳನ್ನು ಓಡಿಸುತ್ತದೆಂದು ತಿಳಿದಿದ್ದ ಗಂಟೆಯೇ ಅಷ್ಟು ದಿನ ಅವುಗಳನ್ನು ನೆಮ್ಮದಿಯಾಗಿ ಉಣ್ಣಲು ಬಿಟ್ಟಿತ್ತು. ಕೈ ಹಾಕಿದ ಕಡೆಯೆಲ್ಲ ಕೆಡಿಸಿದೆನಲ್ಲಾ ಎಂದು ನನ್ನ ಕೈಯನ್ನೇ ನೋಡಿಕೊಂಡೆ. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಮಾದಯ್ಯ ದಿನಾ ಮೋಡ ನೋಡುತ್ತಿದ್ದ, ಆಮೇಲೆ ನನ್ನನ್ನು ನೋಡುತ್ತಿದ್ದ.

ಮುಂಗಾರಿಗೆ ಮುಂಚಿನ ಒಂದು ಬಿರುಮಳೆ ಬಿದ್ದ ಮಾರನೆಯ ಬೆಳಿಗ್ಗೆ. ನೆಲ ಮೆತ್ತಗಿತ್ತು, ಹೆಜ್ಜೆಯ ಸದ್ದೂ ಇರಲಿಲ್ಲ. ಗೌರಿಯ ಹಗ್ಗ ಹಿಡಿದು ಏರಿಯ ತಿರುವಿಗೆ ಬರುವಷ್ಟರಲ್ಲಿ ಗಂಟೆ ಕೇಳಿತು. ಓಡುವ ಗಂಟೆಯಲ್ಲ. ಟೊಣ್... ಒಂದಿಷ್ಟು ಬಿಟ್ಟು, ಟೊಣ್. ಕತ್ತು ಬಗ್ಗಿಸಿ ಒಂದು ಚಿಗುರು ಚಿವುಟಿ, ಅಗಿದು, ಇನ್ನೊಂದಕ್ಕೆ ಸರಿಯುವ ಪ್ರಾಣಿಯ ಗಂಟೆ. ಗೌರಿಯ ಮೂತಿಯನ್ನು ಎದೆಗೊತ್ತಿಕೊಂಡು ಇಣುಕಿದೆ.

ಗುಂಪಿಗೆ ಗುಂಪೇ ಬಯಲಲ್ಲಿತ್ತು. ಅಷ್ಟೂ ತಲೆಗಳು ಹುಲ್ಲಿನಲ್ಲಿ. ನಡುವೆ ನೀಲಿ ಹಗ್ಗದ ಕೊರಳು.

ನನ್ನ ಉಸಿರು ಕೇಳಿತೋ, ಗೌರಿಯ ವಾಸನೆ ಗಾಳಿಗೆ ಸಿಕ್ಕಿತೋ, ಅದು ತಲೆಯೆತ್ತಿತು. ಗಂಟೆ ನಿಂತಿತು. ನಿಂತ ಆ ಮೌನಕ್ಕೆ, ಯಾವ ಕೂಗೂ ಇಲ್ಲದೆ, ಅಲ್ಲಿದ್ದ ಪ್ರತಿಯೊಂದು ಜಿಂಕೆಯೂ ಒಟ್ಟಿಗೆ ಕತ್ತೆತ್ತಿತು.

ಆಗ ನನಗೆ ಅರ್ಥವಾಯಿತು. ಗಂಟೆ ಆಡುತ್ತಿದ್ದರೆ ಅವಳು ಮೇಯುತ್ತಿದ್ದಾಳೆ, ಅಂದರೆ ಕ್ಷೇಮ. ಗಂಟೆ ನಿಂತರೆ ಅವಳೇನೋ ಕಂಡಳು, ಅಂದರೆ ಅಪಾಯ. ನಾವು ಗಡಿಯಾರ ಕಿತ್ತುಕೊಂಡೆವು. ಅವು ಅವಳ ಕೊರಳಿನದನ್ನೇ ಗಡಿಯಾರ ಮಾಡಿಕೊಂಡಿದ್ದವು, ತಿರುಗುಮುರುಗಾಗಿ. ನಾನಾಗಲಿ, ಮಾದಯ್ಯನಾಗಲಿ, ಸಾಹೇಬರಾಗಲಿ ಹೇಳಿಕೊಟ್ಟದ್ದಲ್ಲ. ಅವು ನನ್ನನ್ನು ನೋಡಿದವು. ಆಮೇಲೆ ಓಡಿದವು, ಅವಳನ್ನು ಬಿಟ್ಟಲ್ಲ, ಸುತ್ತ ಇಟ್ಟುಕೊಂಡು. ಗಂಟೆಯ ಸದ್ದು ಗುಂಪಿನ ನಡುವೆ ಹೂತುಕೊಂಡು ಪೊದೆಯೊಳಗೆ ಹೋಯಿತು.

ಮನೆಗೆ ಬಂದು ಹೇಳಿದೆ. ಅತ್ತೆ ರಾಗಿ ಬೀಸುತ್ತಿದ್ದರು. "ಒಬ್ಳೇ ಇದ್ಲಾ?" ಎಂದರು.

"ಇಲ್ಲ ಕಣತ್ತೆ. ಎಲ್ರ ನಡುವ್ಕೆ."

ಅವರು ಬೀಸುವುದನ್ನು ನಿಲ್ಲಿಸಲಿಲ್ಲ. ತುಸು ಜೋರಾಗಿ ಬೀಸಿದರು, ಅಷ್ಟೆ.

ಮಾದಯ್ಯ ಸಾಹೇಬರಿಗೆ ಒಪ್ಪಿಕೊಳ್ಳುವ ಅಗತ್ಯ ಬೀಳಲಿಲ್ಲ. ಆದರೆ ಗಂಟೆಗಳನ್ನು ಮತ್ತೆ ಕಟ್ಟುವಂತಿರಲಿಲ್ಲ. ಕಟ್ಟಿದರೆ ಯಾವುದು ಅವಳದ್ದು, ಯಾವುದು ದನದ್ದು ಎಂದು ಅವಕ್ಕೆ ಗೊಂದಲವಾದೀತು. ಹಾಗಾಗಿ ನಮ್ಮೂರಿನ ದನಗಳ ಕೊರಳು ಬರಿದೇ ಉಳಿಯಿತು. ಎರಡು ಸಾವಿರದ ಇಸವಿ ದಾಟಿತು, ಗೌರಿ ಮುದಿಯಾದಳು, ಅತ್ತೆ ಹೋದರು. ಹೊಸದಾಗಿ ಬಂದ ಸೊಸೆಯರು ನಿಮ್ಮೂರ ದನಕ್ಕೆ ಗಂಟೆ ಯಾಕಿಲ್ಲವೆಂದು ಕೇಳಿದರೆ, ನಮ್ಮೂರ ಜಿಂಕೆಗೆ ಇದೆಯಲ್ಲ ಎನ್ನುತ್ತಿದ್ದೆವು. ಅವರು ಅತ್ತೆಮನೆಯವರಿಗೆಲ್ಲ ಸ್ವಲ್ಪ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ಒಂದು ಬೇಸಿಗೆ ಆ ಗಂಟೆ ಕೇಳಲಿಲ್ಲ. ಜಿಂಕೆಗಳಿಗೂ ಆಯುಸ್ಸೆಂಬುದೊಂದು ಇರುತ್ತದಲ್ಲ. ಮಳೆಗಾಲ ಬಂತು, ಹೋಯಿತು, ಆಗಲೂ ಕೇಳಲಿಲ್ಲ. ಪುಟ್ಟಮಣಿ ಒಂದು ದಿನ ನಮ್ಮ ಕೊಟ್ಟಿಗೆಗೆ ಬಂದಳು. ಕೈಯಲ್ಲಿ ಹುಣಿಸೆಹಣ್ಣು ಹಾಕಿ ಬೆಳಗಿದ ಗಂಟೆ. ಅವಳ ಹಸು ಹೆಣ್ಣುಕರು ಹಾಕಿತ್ತು.

"ಇನ್ ಕಟ್ಬೌದಾ ಅಮ್ಮಿ?"

ನಾನು ಕಾವಲಿನ ಕಡೆ ಕಿವಿಗೊಟ್ಟೆ. ಅವಳೂ ಕೊಟ್ಟಳು.

"ಇನ್ನೊಂದ್ ಮಳ್ಗಾಲ ನೋಡವ ಕಣಮ್ಮಿ" ಎಂದೆ.

ಅವಳು ಗಂಟೆಯನ್ನು ಸದ್ದಾಗದಂತೆ ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.